ವಿನ್ಯಾಸ ನೋಂದಣಿಯ ಅರ್ಜಿಗೆ ಸಹಿ ಹಾಕುವ ಅರ್ಹತೆ: ಚಿತ್ರಕಲೆ ಓದಿದವರಿಗೆ ದಾರಿ ಇದೆಯೇ?

ಪ್ರಶ್ನೆ: ರೇಖಾಭ್ಯಾಸಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕಾವಾ ಎಂಬ ದೃಶ್ಯಕಲಾ ಕಾಲೇಜಿನಲ್ಲಿ ಪದವಿ ಮುಗಿಸಿ, ನಾಲ್ಕು ವರ್ಷಗಳಿಂದ ಚಿಕ್ಕಮಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ಸ್ಟೀಲು ಮತ್ತು ಹಿತ್ತಾಳೆಯ ಕಾಫಿ ಫಿಲ್ಟರ್‌ಗಳು, ಪುಡಿ ತುಂಬಿಡುವ ಡಬ್ಬಿಗಳು, ಲೋಟ-ಬಟ್ಟಲುಗಳು ನಮ್ಮಲ್ಲಿ ತಯಾರಾಗುತ್ತವೆ. ಹೊಸ ಆಕಾರಗಳನ್ನು ಕಾಗದದ ಮೇಲೆ ಮೂಡಿಸಿ, ಅಚ್ಚು ಮಾಡುವವರಿಗೆ ಅರ್ಥವಾಗುವಂತೆ ಅಳತೆ ಹಾಕಿ ಕೊಡುವುದು ನನ್ನ ಕೆಲಸ.

ಕಳೆದ ವರ್ಷ ನಮ್ಮ ಮಾಲೀಕರು ಒಂದು ಹೊಸ ಫಿಲ್ಟರ್‌ಗೆ ವಿನ್ಯಾಸ ನೋಂದಣಿ ಮಾಡಿಸಲು ಹೊರಟರು. ಕೆಳಗಿನ ಡಬ್ಬಿಯ ಹೊಟ್ಟೆ ಸ್ವಲ್ಪ ಉಬ್ಬಿ, ಕುತ್ತಿಗೆಯ ಹತ್ತಿರ ಒಳಕ್ಕೆ ಸರಿದು, ಮೇಲಿನ ಡಬ್ಬಿ ಅದರೊಳಗೆ ಮೊಗ್ಗಿನಂತೆ ಕೂರುವುದು ಅದರ ವಿಶೇಷ. ಬೇರೆ ಊರಿನ ಏಜೆಂಟರೊಬ್ಬರಿಗೆ ಕೆಲಸ ಒಪ್ಪಿಸಲಾಯಿತು. ಅವರ ಕಡೆಯಿಂದ ಸಲ್ಲಿಕೆಯಾದ ಹಾಳೆಗಳಲ್ಲಿ, ಮುಂದಿನ ನೋಟದಲ್ಲಿ ಬಾಗಿದ್ದ ಹಿಡಿ ಹಿಂದಿನ ನೋಟದಲ್ಲಿ ನೆಟ್ಟಗಿತ್ತು. ಎಡ ನೋಟವೆಂದು ಬರೆದಿದ್ದ ಜಾಗದಲ್ಲಿ ಬಲ ನೋಟವಿತ್ತು. ಮೇಲಿನ ನೋಟದಲ್ಲಂತೂ ಮುಚ್ಚಳದ ಗುಬ್ಬಿಯೇ ಕಾಣಿಸುತ್ತಿರಲಿಲ್ಲ. ಸಹಜವಾಗಿಯೇ ಕೋಲ್ಕತ್ತದ ವಿನ್ಯಾಸ ನೋಂದಣಿ ಕಚೇರಿಯಿಂದ ಆಕ್ಷೇಪಣೆ ಬಂತು. ಕೊನೆಗೆ ಏಳೂ ನೋಟಗಳನ್ನು ನಾನೇ ಮೂರು ಸಂಜೆ ಕುಳಿತು ಮತ್ತೆ ಬರೆದುಕೊಟ್ಟ ಮೇಲೆ ನೋಂದಣಿಯಾಯಿತು. ಅಂದು ಮಾಲೀಕರು, "ನೀನೇ ಏಜೆಂಟ್ ಆಗಿಬಿಡಮ್ಮ, ನಮಗೂ ಅನುಕೂಲ" ಎಂದರು. ಅವರು ತಮಾಷೆಗೆ ಅಂದಿರಬಹುದು, ನನ್ನ ಮನಸ್ಸಿನಿಂದ ಮಾತ್ರ ಆ ಮಾತು ಹೋಗಲಿಲ್ಲ.

ಅಮೆರಿಕದಲ್ಲಿ 2024ರಿಂದ ಕಲೆ ಮತ್ತು ವಿನ್ಯಾಸದ ಪದವೀಧರರೂ ವಿನ್ಯಾಸ ಪೇಟೆಂಟಿನ ವ್ಯವಹಾರ ನಡೆಸಬಹುದೆಂದು ಓದಿದ್ದೇನೆ. ನಮ್ಮ ದೇಶದಲ್ಲಿ ಅಂತಹ ಅವಕಾಶವಿದೆಯೇ? ಇಲ್ಲವಾದರೆ ನನ್ನಂತಹವರು ಯಾವ ಪದವಿ ಅಥವಾ ಪರೀಕ್ಷೆಯ ಮೂಲಕ ಆ ಅರ್ಹತೆ ಪಡೆಯಬಹುದು? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಹಾಸನದ ವಕೀಲ

ರೇಖಾಭ್ಯಾಸಿಯವರೇ, ಮೊದಲಿಗೆ ಒಂದು ಪದವನ್ನು ಬದಿಗಿಡೋಣ. ನಮ್ಮ ದೇಶದಲ್ಲಿ ವಿನ್ಯಾಸಕ್ಕೆ ಪೇಟೆಂಟ್ ಕೊಡುವುದಿಲ್ಲ. 2000ದ ವಿನ್ಯಾಸ ಕಾಯ್ದೆ ಮತ್ತು 2001ರ ನಿಯಮಗಳ ಅಡಿಯಲ್ಲಿ ನೋಂದಣಿ ಮಾಡುತ್ತಾರೆ. ಅವಧಿ ಹತ್ತು ವರ್ಷ, ಶುಲ್ಕ ಕಟ್ಟಿದರೆ ಇನ್ನೈದು ವರ್ಷ. ವಿನ್ಯಾಸ ಪೇಟೆಂಟ್ ಎಂಬ ಹೆಸರು ಅಮೆರಿಕದ್ದು. ಪೇಟೆಂಟ್ ಬೇರೆ, ವಿನ್ಯಾಸ ಬೇರೆ ಎಂಬುದನ್ನು ನಮ್ಮ ಕಾನೂನು ಕಾಯ್ದೆಯ ಮಟ್ಟದಲ್ಲೇ ಒಪ್ಪಿಕೊಂಡಿದೆ. ಆದರೆ ಅದನ್ನು ನಡೆಸುವ ಜನರ ವಿಷಯಕ್ಕೆ ಬಂದಾಗ ಮತ್ತೆ ಪೇಟೆಂಟಿನ ಮನೆಯಿಂದಲೇ ಎರವಲು ತಂದಿದೆ. ನಿಮ್ಮ ತೊಡಕು ಹುಟ್ಟುವುದು ಅಲ್ಲಿ.

ವಿನ್ಯಾಸ ಕಾಯ್ದೆಯ 43ನೆಯ ಕಲಮನ್ನು ಓದಿ ನೋಡಿ. ನೋಂದಣಿಯ ಮುಖ್ಯ ಅಧಿಕಾರಿಯಾದ ಕಂಟ್ರೋಲರ್ ಅವರಿಗೆ ಸಲ್ಲಿಸುವ ಅರ್ಜಿ ಮತ್ತು ಪತ್ರಗಳಿಗೆ ಸಹಿ ಹಾಕಲು, ಅವರ ಮುಂದೆ ಹಾಜರಾಗಲು ಅದು ಇಬ್ಬರನ್ನು ಹೆಸರಿಸುತ್ತದೆ: ಒಬ್ಬರು ವಕೀಲರು, ಇನ್ನೊಬ್ಬರು 1970ರ ಪೇಟೆಂಟ್ ಕಾಯ್ದೆಯ 125ನೆಯ ಕಲಮಿನ ಪ್ರಕಾರ ಇಡಲಾಗಿರುವ ಪೇಟೆಂಟ್ ಏಜೆಂಟರ ಪಟ್ಟಿಯಲ್ಲಿ ಹೆಸರಿರುವವರು. ವಿನ್ಯಾಸದ ಒಡೆಯರು ತಮ್ಮ ಅರ್ಜಿಯನ್ನು ತಾವೇ ಹಾಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ವಿನ್ಯಾಸಕ್ಕೆಂದೇ ಪ್ರತ್ಯೇಕ ಏಜೆಂಟರ ಪಟ್ಟಿಯೂ ಇಲ್ಲ, ಪ್ರತ್ಯೇಕ ಪರೀಕ್ಷೆಯೂ ಇಲ್ಲ.

ಇದರ ಫಲ ಏನೆಂದರೆ, ಬಿ.ಕಾಂ. ಮುಗಿಸಿ ಕಾನೂನು ಓದಿ, ಇಪ್ಪತ್ತು ವರ್ಷ ಜಮೀನು ಭಾಗದ ದಾವೆಗಳನ್ನೇ ನಡೆಸಿದ, ನೆಟ್ಟಗೆ ಒಂದು ಚೊಂಬಿನ ಚಿತ್ರ ಬಿಡಿಸಲಾರದ ನಾನು ನಾಳೆಯೇ ಅಧಿಕಾರಪತ್ರ ಪಡೆದು ನಿಮ್ಮ ಫಿಲ್ಟರ್‌ನ ಅರ್ಜಿಗೆ ಸಹಿ ಹಾಕಬಹುದು. ಅದನ್ನು ಬರೆದ ನಿಮಗೆ ಆ ಅಧಿಕಾರವಿಲ್ಲ. ನನಗೆ ಅನುಕೂಲವಾದ ನಿಯಮವೇ ಆದರೂ ಇದು ಸರಿಯಾದ ಏರ್ಪಾಡೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕೆಲವರು ನಿಮಗೆ ಟ್ರೇಡ್ ಮಾರ್ಕ್ ಏಜೆಂಟ್ ಪರೀಕ್ಷೆಯನ್ನು ಸೂಚಿಸಬಹುದು. 2017ರ ಟ್ರೇಡ್ ಮಾರ್ಕ್ ನಿಯಮಗಳ ಪ್ರಕಾರ ಯಾವುದೇ ವಿಷಯದ ಪದವೀಧರರು ಅದಕ್ಕೆ ಕೂರಬಹುದು ಎನ್ನುವುದು ನಿಜ. ಆದರೆ 43ನೆಯ ಕಲಮಿನಲ್ಲಿ ಟ್ರೇಡ್ ಮಾರ್ಕ್ ಏಜೆಂಟರ ಹೆಸರಿಲ್ಲವಾದ್ದರಿಂದ ಅದು ವಿನ್ಯಾಸದ ಬಾಗಿಲನ್ನು ತೆರೆಯುವುದಿಲ್ಲ.

ಉಳಿಯುವ ನೇರ ದಾರಿ ಮೂರು ವರ್ಷದ ಎಲ್‌ಎಲ್‌.ಬಿ. ಪದವಿ ಯಾವ ವಿಷಯದ್ದಾದರೂ ಸರಿ, ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಬೇಕು. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆದು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೋಂದಣಿ ಶುಲ್ಕದ ಹೆಸರಿನಲ್ಲಿ ಹತ್ತಾರು ಸಾವಿರ ಕೇಳುತ್ತಿದ್ದ ಕಾಲ ಈಗಿಲ್ಲ. ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ.

ಉತ್ತರ: ಮಲ್ನಾಡ್ ಮೆಕ್ಯಾನಿಕಲ್, ಬೆಂಗಳೂರು

ನಾನು ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು, ಈಗ ಪೇಟೆಂಟ್ ಏಜೆಂಟ್. ವಕೀಲರು ಹೇಳಿದ್ದಕ್ಕೆ ನನ್ನ ಕಡೆಯ ಬಾಗಿಲಿನ ವಿವರವನ್ನು ಸೇರಿಸುತ್ತೇನೆ.

ಪೇಟೆಂಟ್ ಕಾಯ್ದೆಯ 126ನೆಯ ಕಲಂ ಏಜೆಂಟರ ಅರ್ಹತೆಯನ್ನು ಹೇಳುತ್ತದೆ. ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿ ಇರಬೇಕು. ಇದರ ಮೇಲೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಇಲ್ಲವೇ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕರಾಗಿಯೋ ಕಂಟ್ರೋಲರ್ ಆಗಿಯೋ ಒಟ್ಟು ಹತ್ತು ವರ್ಷ ಸೇವೆ ಸಲ್ಲಿಸಿರಬೇಕು. ದೃಶ್ಯಕಲೆಯ ಪದವಿ ಈ ಮೂರು ಗುಂಪುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಪರೀಕ್ಷೆಯಲ್ಲಿ ತಲಾ ನೂರು ಅಂಕಗಳ ಎರಡು ಪತ್ರಿಕೆಗಳು, ಐವತ್ತು ಅಂಕಗಳ ಸಂದರ್ಶನ. ಪ್ರತಿ ಪತ್ರಿಕೆಯಲ್ಲಿ ಐವತ್ತು, ಒಟ್ಟಿನಲ್ಲಿ ಶೇ 60 ಬರಬೇಕು. ಎರಡನೆಯ ಪತ್ರಿಕೆ ಪೇಟೆಂಟಿನ ವಿವರಣಾಪತ್ರವನ್ನು ಬರೆಯುವ ಕೌಶಲವನ್ನು ಅಳೆಯುತ್ತದೆ. ನಾನು ಅದಕ್ಕಾಗಿ ತಿಂಗಳುಗಟ್ಟಲೆ ಕವಾಟ, ಸ್ಪ್ರಿಂಗು, ಪಂಪುಗಳ ಹಕ್ಕೊತ್ತಾಯಗಳನ್ನು, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯಗಳನ್ನು, ಬರೆದು ಅಭ್ಯಾಸ ಮಾಡಿದೆ. ಒಂದು ವಸ್ತುವಿನ ಏಳು ನೋಟಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದನ್ನು ಆ ಸಿದ್ಧತೆ ನನಗೆ ಕಲಿಸಲಿಲ್ಲ. ಕಲಿಸಿದ್ದು ನನ್ನ ಮೊದಲ ಎರಡು ಆಕ್ಷೇಪಣಾ ಪತ್ರಗಳು.

ಹಾಗಿದ್ದರೂ ವಕೀಲರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಜ್ಞಾನದ ಪದವಿಯನ್ನು ಕೇಳುವುದರಲ್ಲಿ ಒಂದಿಷ್ಟು ತಿರುಳಿದೆ. ವಿನ್ಯಾಸ ಕಾಯ್ದೆಯ ಎರಡನೆಯ ಕಲಮಿನ ವ್ಯಾಖ್ಯಾನವು ಆಕಾರ, ರಚನೆ, ನಮೂನೆ, ಅಲಂಕಾರ, ರೇಖೆ ಮತ್ತು ಬಣ್ಣಗಳ ಜೋಡಣೆ ಇವುಗಳನ್ನು ಕಣ್ಣಿನಿಂದ ಮಾತ್ರ ತೀರ್ಮಾನಿಸಬೇಕೆಂದು ಹೇಳಿ, ಬರಿಯ ಯಾಂತ್ರಿಕ ಸಾಧನವಾದದ್ದನ್ನು ಹೊರಗಿಡುತ್ತದೆ. ನಿಮ್ಮ ಫಿಲ್ಟರ್‌ನ್ನೇ ತೆಗೆದುಕೊಳ್ಳಿ. ಉಬ್ಬಿದ ಹೊಟ್ಟೆ ಕಣ್ಣಿಗೆ ಸೇರಿದ್ದು. ಆದರೆ ಮೇಲಿನ ಡಬ್ಬಿಯ ತಳದ ತೂತುಗಳನ್ನು ಡಿಕಾಕ್ಷನ್ ನಿಧಾನವಾಗಿ ಇಳಿಯಲೆಂದೇ ಒಂದು ಲೆಕ್ಕದಲ್ಲಿ ಕೊರೆದಿದ್ದರೆ ಅದು ಕೆಲಸಕ್ಕೆ ಸೇರಿದ್ದು. ಅದರಲ್ಲಿ ಹೊಸ ಉಪಾಯವಿದ್ದರೆ ಪೇಟೆಂಟಿನ ಬಾಗಿಲು ತಟ್ಟಬೇಕು. ಯಾವುದು ನೋಟ, ಯಾವುದು ಕೆಲಸ ಎಂದು ಬೇರ್ಪಡಿಸುವಾಗ ಯಂತ್ರದ ತಿಳಿವಳಿಕೆ ಖಂಡಿತ ನೆರವಿಗೆ ಬರುತ್ತದೆ.

ಉತ್ತರ: ಹಾಸನದ ವಕೀಲ

ಇಂಜಿನಿಯರ್ ಸಾಹೇಬರೇ, ನೆರವಿಗೆ ಬರುವುದು ಬೇರೆ, ಅದಿಲ್ಲದವರು ಒಳಗೆ ಕಾಲಿಡಬಾರದೆನ್ನುವುದು ಬೇರೆ. ತೂತಿನ ಲೆಕ್ಕ ಗೊತ್ತಿಲ್ಲದ ನನ್ನನ್ನು ಅದೇ ಕಾಯ್ದೆ ಒಳಗೆ ಬಿಟ್ಟಿದೆ ಎನ್ನುವುದನ್ನು ನೀವು ಮರೆತಿರಿ. ಕಣ್ಣೇ ತೀರ್ಪುಗಾರ ಎಂದು ವ್ಯಾಖ್ಯಾನದಲ್ಲಿ ಬರೆದ ಮೇಲೆ, ಕಣ್ಣನ್ನು ಪಳಗಿಸಿಕೊಂಡವರನ್ನು ಬಾಗಿಲಲ್ಲಿ ನಿಲ್ಲಿಸುವುದಕ್ಕೆ ವಿಜ್ಞಾನದ ನೆಪ ಸಾಲದು. ಫಿಲ್ಟರ್‌ನ ಯಾವ ಭಾಗ ಅಂದಕ್ಕೆ, ಯಾವ ಭಾಗ ಬಳಕೆಗೆ ಎಂಬುದು ಅದನ್ನು ರೂಪಿಸಿದವರಿಗಿಂತ ಹೆಚ್ಚಾಗಿ ಇನ್ನಾರಿಗೆ ಗೊತ್ತಿರಲು ಸಾಧ್ಯ?

ಉತ್ತರ: ಸಕಲೇಶಪುರದಿಂದ ದೂರ

ನಾನು ಸಕಲೇಶಪುರ ತಾಲ್ಲೂಕಿನವನು, ಹಲವು ವರ್ಷಗಳಿಂದ ಅಮೆರಿಕದಲ್ಲಿದ್ದು ಅಲ್ಲಿನ ಪೇಟೆಂಟ್ ಮತ್ತು ಟ್ರೇಡ್ ಮಾರ್ಕ್ ಕಚೇರಿಯ ಮುಂದೆ ನೋಂದಾಯಿತ ಏಜೆಂಟ್ ಆಗಿದ್ದೇನೆ. ಅಲ್ಲಿನ ಬದಲಾವಣೆಯ ಬಗ್ಗೆ ಪ್ರಶ್ನೆ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಲ್ಲಿ ಆವಿಷ್ಕಾರವಿರಲಿ, ವಿನ್ಯಾಸವಿರಲಿ, ಎರಡೂ ಪೇಟೆಂಟೇ. ಆದಕಾರಣ ಎರಡಕ್ಕೂ ಒಂದೇ ನೋಂದಣಿ ಪಟ್ಟಿಯಿತ್ತು. ಆ ಪಟ್ಟಿಗೆ ಸೇರಲು ವಿಜ್ಞಾನ ಅಥವಾ ಇಂಜಿನಿಯರಿಂಗ್ ಹಿನ್ನೆಲೆ ಬೇಕೇ ಬೇಕಿತ್ತು. ನಮ್ಮ ಹಾಸನದ ವಕೀಲರು ಅಲ್ಲಿದ್ದಿದ್ದರೆ, ಎಷ್ಟೇ ದೊಡ್ಡ ವಕೀಲರಾಗಿದ್ದರೂ, ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳದೆ ಇನ್ನೊಬ್ಬರ ಪರವಾಗಿ ಒಂದು ಕುರ್ಚಿಯ ವಿನ್ಯಾಸದ ಅರ್ಜಿಯನ್ನೂ ಹಾಕುವಂತಿರಲಿಲ್ಲ. ಅಂದರೆ ನಮ್ಮಲ್ಲಿ ಕಾನೂನು ಓದಿದವರಿಗೆ ಸಿಗುವ ರಿಯಾಯಿತಿ ಅಲ್ಲಿ ಇಲ್ಲವೇ ಇಲ್ಲ. ಇತ್ತ ರಸಾಯನಶಾಸ್ತ್ರದ ಪದವಿ ಪಡೆದವರು, ಜೀವಮಾನದಲ್ಲಿ ಒಂದು ಪೀಠೋಪಕರಣವನ್ನೂ ಗಮನಿಸಿ ನೋಡದವರು, ಪರೀಕ್ಷೆ ಮುಗಿಸಿ ಆ ಕುರ್ಚಿಯ ಅರ್ಜಿಯನ್ನು ಧಾರಾಳವಾಗಿ ಹಾಕಬಹುದಿತ್ತು.

ವಿನ್ಯಾಸ ಪೇಟೆಂಟಿನಲ್ಲಿ ಹಕ್ಕೊತ್ತಾಯ ಒಂದೇ ಒಂದು. ಚಿತ್ರದಲ್ಲಿ ತೋರಿಸಿದಂತಿರುವ ಇಂತಹ ವಸ್ತುವಿನ ಅಲಂಕಾರಿಕ ವಿನ್ಯಾಸ ಎಂಬ ಅರ್ಥದ ಒಂದು ವಾಕ್ಯ, ಅಷ್ಟೇ. ಭಾರವೆಲ್ಲ ಚಿತ್ರದ ಮೇಲೆ ಬೀಳುತ್ತದೆ. ತುಂಬು ಗೆರೆಯಲ್ಲಿ ಬರೆದ ಭಾಗ ರಕ್ಷಣೆಗೆ ಒಳಪಡುತ್ತದೆ, ತುಂಡು ಗೆರೆಯಲ್ಲಿ ಬರೆದದ್ದು ಸಂದರ್ಭವನ್ನು ತೋರಿಸುವುದಕ್ಕೆ ಮಾತ್ರ. ಮೇಲ್ಮೈ ಉಬ್ಬಿದೆಯೇ, ತಗ್ಗಿದೆಯೇ, ಚಪ್ಪಟೆಯೇ ಎಂಬುದು ನೆರಳಿನ ಗೆರೆಗಳಿಂದ ಗೊತ್ತಾಗಬೇಕು. ಒಂದು ಗೆರೆ ತುಂಬು ಇರಬೇಕಾದಲ್ಲಿ ತುಂಡಾದರೆ ಹಕ್ಕಿನ ವ್ಯಾಪ್ತಿಯೇ ಬದಲಾಗುತ್ತದೆ. ಇದನ್ನು ಕಲಾಶಾಲೆಯಲ್ಲಿ ಕಲಿತವರು ಬೇಗ ಹಿಡಿಯುತ್ತಾರೆ.

2023ರ ನವೆಂಬರ್‌ನಲ್ಲಿ ಅಂತಿಮ ನಿಯಮ ಪ್ರಕಟವಾಗಿ 2024ರ ಜನವರಿ 2ರಿಂದ ಜಾರಿಗೆ ಬಂತು. ಕೈಗಾರಿಕಾ ವಿನ್ಯಾಸ, ಉತ್ಪನ್ನ ವಿನ್ಯಾಸ, ವಾಸ್ತುಶಿಲ್ಪ, ಅನ್ವಯಿಕ ಕಲೆ, ಗ್ರಾಫಿಕ್ ವಿನ್ಯಾಸ, ಲಲಿತಕಲೆ, ಕಲಾ ಶಿಕ್ಷಕರ ತರಬೇತಿ, ಇವುಗಳಲ್ಲಿ ಒಂದರಲ್ಲಿ ಅಥವಾ ಇವಕ್ಕೆ ಸಮಾನವಾದದ್ದರಲ್ಲಿ ಪದವಿ ಇರುವವರು ಈಗ ವಿನ್ಯಾಸ ಪೇಟೆಂಟಿಗೆ ಸೀಮಿತವಾದ ನೋಂದಣಿಯನ್ನು ಪಡೆಯಬಹುದು. ಕಲಾ ಶಿಕ್ಷಕರ ತರಬೇತಿಯನ್ನು ಆ ಪಟ್ಟಿಯಲ್ಲಿ ಕಂಡಾಗ ನನಗೆ ನೆನಪಾದದ್ದು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಹೂಜಿಯ ಎರಡು ಬದಿ ಸಮವಾಗಿಲ್ಲವೆಂದು ಅವರು ನನ್ನ ಹಾಳೆಯನ್ನು ಎಷ್ಟು ಸಲ ಹಿಂದಿರುಗಿಸಿದ್ದರೋ ಲೆಕ್ಕವಿಲ್ಲ.

ಆದರೆ ರಿಯಾಯಿತಿ ಪದವಿಯ ವಿಷಯದಲ್ಲಿ ಮಾತ್ರ. ಪರೀಕ್ಷೆ ಎಲ್ಲರಿಗೂ ಒಂದೇ: ಮೂರು ಮೂರು ಗಂಟೆಗಳ ಎರಡು ಅವಧಿ, ನೂರು ಬಹು ಆಯ್ಕೆಯ ಪ್ರಶ್ನೆಗಳು, ತೇರ್ಗಡೆಗೆ ಶೇ 70. ಅದರಲ್ಲಿ ಹೆಚ್ಚಿನವು ಆವಿಷ್ಕಾರದ ಪೇಟೆಂಟಿಗೆ ಸೇರಿದವು. ನಡತೆಯ ಪರಿಶೀಲನೆಯೂ ಎಲ್ಲರಿಗೂ ಸಮಾನ. ಹೀಗೆ ನೋಂದಾಯಿತರಾದವರು ತಮ್ಮ ಸಹಿಯ ಪಕ್ಕದಲ್ಲಿ ವಿನ್ಯಾಸ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಸೇರಿಸಬೇಕು. ಆವಿಷ್ಕಾರದ ಅರ್ಜಿಯನ್ನು ಮುಟ್ಟುವಂತಿಲ್ಲ. ಮೊದಲಿನಿಂದ ಪಟ್ಟಿಯಲ್ಲಿದ್ದ ನಮ್ಮಂತಹವರು ಎರಡನ್ನೂ ಎಂದಿನಂತೆ ಮಾಡಬಹುದು.

ಇನ್ನು, ಚಿಕ್ಕಮಗಳೂರಿನಲ್ಲಿ ಕುಳಿತು ಆ ಪರೀಕ್ಷೆ ಬರೆದು ನೋಂದಾಯಿತರಾಗುವ ಆಸೆ ಇದ್ದರೆ ಅದನ್ನು ಈಗಲೇ ಬಿಡುವುದು ಒಳ್ಳೆಯದು. ಅಮೆರಿಕದ ಪ್ರಜೆಯಲ್ಲದವರು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದು, ಅವರ ವೀಸಾ ಆ ಕೆಲಸಕ್ಕೆ ಅನುಮತಿ ಕೊಡುವಂತಿರಬೇಕು. ಹೊರದೇಶದಲ್ಲಿ ನೆಲೆಸಿರುವವರ ಪೈಕಿ ವಿನಾಯಿತಿ ಇರುವುದು ಕೆನಡಾದ ಏಜೆಂಟರಿಗೆ ಮಾತ್ರ. ನಿಮ್ಮ ಫಿಲ್ಟರ್‌ಗೆ ಅಲ್ಲಿ ರಕ್ಷಣೆ ಬೇಕಿದ್ದರೆ, ಭಾರತದ ಅರ್ಜಿಯ ದಿನಾಂಕದಿಂದ ಆರು ತಿಂಗಳೊಳಗೆ ಅಲ್ಲಿನ ನೋಂದಾಯಿತರೊಬ್ಬರ ಮೂಲಕ ಹಾಕಿಸಿ.

ಪ್ರತಿಕ್ರಿಯೆ: ರೇಖಾಭ್ಯಾಸಿ, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದಗಳು. ಅಮೆರಿಕದ ಆಸೆ ನನಗೆ ಇರಲಿಲ್ಲ, ಅಲ್ಲಿ ಆದದ್ದು ಇಲ್ಲಿಯೂ ಆಗಿದೆಯೇ ಎಂಬ ಕುತೂಹಲವಷ್ಟೇ. ವಕೀಲರೇ, ಕಾನೂನು ಓದುವ ಆಲೋಚನೆ ನನಗೂ ಬಂದಿತ್ತು. ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲದ ಕಾರಣ ಈಗಿನ ಕೆಲಸವನ್ನು ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಸನ್ನದು ಪಡೆದ ಮೇಲೂ ಇದೇ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದು, ಇದರ ಅರ್ಜಿಗಳನ್ನೂ ಹೊರಗಿನ ಒಂದೆರಡು ಅರ್ಜಿಗಳನ್ನೂ ನೋಡಿಕೊಳ್ಳಬಹುದೇ?

ಉತ್ತರ: ಹಾಸನದ ವಕೀಲ

ಆಗುವುದಿಲ್ಲ. ಇದನ್ನು ಮೊದಲೇ ಹೇಳಬೇಕಾಗಿತ್ತು, ತಪ್ಪು ನನ್ನದು. ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮದ ಪ್ರಕಾರ, ವೃತ್ತಿ ನಡೆಸುತ್ತಿರುವ ವಕೀಲರು ಯಾವುದೇ ವ್ಯಕ್ತಿ, ಸಂಸ್ಥೆ ಅಥವಾ ಸರ್ಕಾರದಲ್ಲಿ ಪೂರ್ಣಕಾಲಿಕ ಸಂಬಳದ ನೌಕರರಾಗಿರುವಂತಿಲ್ಲ. 47ನೆಯ ನಿಯಮದಂತೆ ಸ್ವಂತ ವ್ಯಾಪಾರವನ್ನು ತಾವೇ ನಿಂತು ನಡೆಸುವಂತಿಲ್ಲ. ಸನ್ನದು ಬೇಕೆಂದರೆ ಕಾರ್ಖಾನೆಯ ಹಾಜರಿ ಪುಸ್ತಕದಿಂದ ಹೆಸರು ತೆಗೆಸಬೇಕು. ಪೇಟೆಂಟ್ ಏಜೆಂಟರಿಗೆ ಈ ಕಟ್ಟುಪಾಡು ಅನ್ವಯಿಸುವುದಿಲ್ಲ. ನೌಕರಿಯಲ್ಲಿದ್ದುಕೊಂಡೇ ಏಜೆಂಟರಾಗಿರುವವರು ಬೆಂಗಳೂರಿನ ಕಂಪನಿಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಅವರಿಗೆ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆ. ನೋಂದಾಯಿತ ವಿನ್ಯಾಸವನ್ನು ಯಾರಾದರೂ ನಕಲು ಮಾಡಿದರೆ 22ನೆಯ ಕಲಮಿನ ಅಡಿಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ, ಅಲ್ಲಿ ವಾದಿಸುವುದು ವಕೀಲರ ಕೆಲಸ.

ಆದರೆ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಿ. ನಿಮ್ಮ ಕಾರ್ಖಾನೆಯ ವಿನ್ಯಾಸಕ್ಕೆ ಅರ್ಜಿದಾರರು ಕಾರ್ಖಾನೆಯೇ ಅಲ್ಲವೇ? ಮಾಲೀಕರು ತಾವೇ ಸಹಿ ಹಾಕಿದರೆ ಏಜೆಂಟರ ಅಗತ್ಯವೇ ಬೀಳುವುದಿಲ್ಲ. ಹಾಳೆಗಳನ್ನು ಸಿದ್ಧಪಡಿಸುವುದು, ಹೊಸತನದ ಹೇಳಿಕೆಯನ್ನು ಬರೆಯುವುದು, ಯಾವ ವರ್ಗಕ್ಕೆ ಸೇರುತ್ತದೆ ಎಂದು ಹುಡುಕುವುದು, ಇವನ್ನೆಲ್ಲ ನೌಕರರಾಗಿ ನೀವು ಮಾಡಿಕೊಡಲು ಯಾವ ಪದವಿಯೂ ಬೇಡ. ಅರ್ಹತೆಯ ಗೋಡೆ ಎದ್ದು ನಿಲ್ಲುವುದು ಹೊರಗಿನವರ ಪರವಾಗಿ ಸಹಿ ಹಾಕಲು ಹೊರಟಾಗ.

ಉತ್ತರ: ಒಗ್ಗರಣೆ ಡಬ್ಬಿ, ಹಾಸನ

ನಾನು ಕಾನೂನು ಬಲ್ಲವನಲ್ಲ, ಹಾಸನದಲ್ಲಿ ಮರಗೆಲಸದ ಸಣ್ಣ ಘಟಕ ನಡೆಸುವವನು. ಅರ್ಹತೆ ಇರುವವರ ಕೈಯಲ್ಲಿಯೇ ನನ್ನ ಕೆಲಸ ಕೆಟ್ಟದ್ದರಿಂದ ಎರಡು ಮಾತು ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಏಳು ಬಟ್ಟಲಿನ, ಹೂವಿನ ದಳದಂತೆ ಬಿಚ್ಚಿಕೊಳ್ಳುವ ಮರದ ಒಗ್ಗರಣೆ ಡಬ್ಬಿಯನ್ನು ತಯಾರಿಸಿದೆ. ಅರ್ಹತೆಯುಳ್ಳ ಒಬ್ಬರ ಮೂಲಕವೇ ಅರ್ಜಿ ಹಾಕಿದೆ. ಸರ್ಕಾರಿ ಶುಲ್ಕ ಸಣ್ಣ ಉದ್ದಿಮೆಗೆ 1,000 ರೂಪಾಯಿ, ದೊಡ್ಡ ಕಂಪನಿಗಳಿಗಾದರೆ 4,000. ಅವರ ಶುಲ್ಕ ಅದರ ಹಲವು ಪಟ್ಟು, ಅದಕ್ಕೆ ನನ್ನ ತಕರಾರಿಲ್ಲ. ನೋಂದಣಿಯೂ ಆಯಿತು. ಎಂಟು ತಿಂಗಳಾದ ಮೇಲೆ ಬೇರೊಬ್ಬರು ಅದೇ ಡಬ್ಬಿಯನ್ನು ಮಾರತೊಡಗಿದರು. ನೋಟಿಸು ಕೊಟ್ಟರೆ ಅವರು 19ನೆಯ ಕಲಮಿನ ಅಡಿಯಲ್ಲಿ ನನ್ನ ನೋಂದಣಿಯನ್ನೇ ರದ್ದುಪಡಿಸಲು ಅರ್ಜಿ ಹಾಕಿದರು. ಅವರ ಆಧಾರ ಏನು ಗೊತ್ತೇ? ಅರ್ಜಿಗೆ ಐದು ತಿಂಗಳ ಮೊದಲು, ದೀಪಾವಳಿಯ ಹೊತ್ತಿಗೆ, ನಾನೇ ಫೇಸ್‌ಬುಕ್ಕಿನಲ್ಲಿ ಹಾಕಿದ್ದ ನಾಲ್ಕು ಫೋಟೊ, ಜೊತೆಗೆ ನನ್ನದೇ ಅಂಗಡಿಯ ಎರಡು ಬಿಲ್ಲು. ಅರ್ಜಿಗೆ ಮೊದಲೇ ಸಾರ್ವಜನಿಕರಿಗೆ ಗೊತ್ತಾಗಿರುವ ವಿನ್ಯಾಸ ಹೊಸದಲ್ಲವಂತೆ. ನನ್ನ ನೋಂದಣಿ ರದ್ದಾಯಿತು.

ಅರ್ಜಿ ಹಾಕುವ ದಿನ, "ಇದನ್ನು ಎಲ್ಲಾದರೂ ತೋರಿಸಿದ್ದೀರಾ, ಮಾರಿದ್ದೀರಾ?" ಎಂಬ ಒಂದು ಪ್ರಶ್ನೆಯನ್ನು ಅವರು ಕೇಳಿದ್ದರೆ ಸಾಕಿತ್ತು, ನಾನು ಬಚ್ಚಿಡುತ್ತಿರಲಿಲ್ಲ, ಬೇರೆ ಆಕಾರವನ್ನಾದರೂ ಮಾಡುತ್ತಿದ್ದೆ. ಯಾವ ಪದವಿ ಓದಿದವರಾದರೂ ಆಗಲಿ, ಕಕ್ಷಿದಾರನಿಗೆ ಆ ಪ್ರಶ್ನೆಯನ್ನು ಕೇಳುವವರು ಬೇಕು.

ಉತ್ತರ: ಮಲ್ನಾಡ್ ಮೆಕ್ಯಾನಿಕಲ್, ಬೆಂಗಳೂರು

ಒಗ್ಗರಣೆ ಡಬ್ಬಿಯವರು ಬರೆದದ್ದನ್ನು ಓದಿ ನಮ್ಮ ವೃತ್ತಿಯವನಾಗಿ ನನಗೆ ಮುಜುಗರವಾಯಿತು. ಅದು ಅಸಾಮಾನ್ಯ ತಪ್ಪೇನಲ್ಲ. ಪ್ರದರ್ಶನದಲ್ಲಿ ಇಟ್ಟ ವಸ್ತುವಿಗೆ 21ನೆಯ ಕಲಂ ಆರು ತಿಂಗಳ ವಿನಾಯಿತಿ ಕೊಡುತ್ತದಾದರೂ, ಅದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ, ಅದೂ ಕಂಟ್ರೋಲರ್ ಅವರಿಗೆ ಮೊದಲೇ ತಿಳಿಸಿದ್ದರೆ. ಜಾತ್ರೆಯ ಮಳಿಗೆ, ವಾಟ್ಸಾಪ್ ಸ್ಟೇಟಸ್ಸು, ಅಂಗಡಿಯ ಗಾಜಿನ ಕಪಾಟು ಇವು ಯಾವುವೂ ಅದರಲ್ಲಿ ಬರುವುದಿಲ್ಲ.

ವಕೀಲರೇ, ನಿಮ್ಮ ಹಿಂದಿನ ಮಾತಿಗೂ ಉತ್ತರ ಕೊಡಬೇಕು. ಎರಡು ದಿನ ಆಲೋಚಿಸಿದ ಮೇಲೆ ನಾನು ಅರ್ಧ ಸೋತಿದ್ದೇನೆ. ವಿನ್ಯಾಸಕ್ಕೆ ಸೀಮಿತವಾದ ಏಜೆಂಟರ ಪಟ್ಟಿಯೊಂದು ನಮ್ಮಲ್ಲಿ ಬಂದರೆ, ಅದಕ್ಕೆ ವಿನ್ಯಾಸ ಕಾಯ್ದೆಯ ಮೇಲೆಯೇ ಒಂದು ಪತ್ರಿಕೆ, ಚಿತ್ರಗಳನ್ನು ಓದಿ ತಪ್ಪು ಹಿಡಿಯುವ ಒಂದು ಪತ್ರಿಕೆ ಇದ್ದರೆ, ಚಿತ್ರಕಲೆಯವರನ್ನು ಸೇರಿಸಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಅಮೆರಿಕದವರಂತೆ ಪದವಿಯ ಬಾಗಿಲನ್ನು ತೆರೆದು, ಒಳಗೆ ಮತ್ತೆ ಪಂಪು-ಕವಾಟದ ಪ್ರಶ್ನೆಗಳನ್ನೇ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅದಕ್ಕೆ 43ನೆಯ ಕಲಂ ತಿದ್ದುಪಡಿಯಾಗಬೇಕು, ನಿಯಮದ ಮಟ್ಟದಲ್ಲಿ ಬದಲಾಯಿಸಿದರೆ ಸಾಲದು.

ಅಲ್ಲಿಯವರೆಗೆ ರೇಖಾಭ್ಯಾಸಿಯವರಿಗೆ ಒಂದು ಸಲಹೆ. ನಮ್ಮಂತಹ ಏಜೆಂಟರಿಗೆ ಹಾಳೆಗಳನ್ನು ಬರೆದುಕೊಡುವವರು ಬೇಕಾಗಿದ್ದಾರೆ. ಫೋಟೊ ಹಾಕಿದರೆ ನೆರಳು, ಹೊಳಪು, ಹಿನ್ನೆಲೆಯ ಗೆರೆಗಳಿಂದ ತೊಂದರೆ. ಸ್ಟೀಲಿನ ಪಾತ್ರೆಯಾದರೆ ಫೋಟೊ ತೆಗೆದವರ ಮುಖವೇ ಅದರಲ್ಲಿ ಕಾಣಿಸುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಮಾದರಿಯಲ್ಲಿ ತಿರುವುಗಳು ಇದ್ದಕ್ಕಿಂತ ಹೆಚ್ಚು ನುಣುಪಾಗುತ್ತವೆ. ಮಾಲೀಕರ ಒಪ್ಪಿಗೆ ಪಡೆದು ಈ ಕೆಲಸವನ್ನು ಬಿಡುವಿನಲ್ಲಿ ಮಾಡಬಹುದು, ಸಹಿ ಏಜೆಂಟರದ್ದಿರುತ್ತದೆ. ನಿಮ್ಮನ್ನು ಮಾತ್ರ ಎಲ್ಲಿಯೂ ಏಜೆಂಟ್ ಎಂದು ಕರೆದುಕೊಳ್ಳಬೇಡಿ, ಫಲಕದಲ್ಲಿಯೂ ಬೇಡ, ಬಿಲ್ಲಿನಲ್ಲಿಯೂ ಬೇಡ. ಪಟ್ಟಿಯಲ್ಲಿಲ್ಲದವರು ಪೇಟೆಂಟ್ ಏಜೆಂಟ್ ಎಂದು ಹೇಳಿಕೊಳ್ಳುವುದನ್ನು ಪೇಟೆಂಟ್ ಕಾಯ್ದೆಯ 129ನೆಯ ಕಲಂ ನಿಷೇಧಿಸುತ್ತದೆ.

ಪ್ರತಿಕ್ರಿಯೆ: ರೇಖಾಭ್ಯಾಸಿ, ಚಿಕ್ಕಮಗಳೂರು

ಬೆಳಿಗ್ಗೆ ಮಾಲೀಕರಿಗೆ ಇದನ್ನೆಲ್ಲ ಓದಿ ಹೇಳಿದೆ. ಮುಂದಿನ ಅರ್ಜಿಗೆ ತಾವೇ ಸಹಿ ಹಾಕುವುದಾಗಿ ಒಪ್ಪಿದ್ದಾರೆ. ಕಾನೂನು ಓದುವ ವಿಚಾರವನ್ನು ಅಪ್ಪ ಗುಣವಾಗುವವರೆಗೆ ಮುಂದೂಡಿದ್ದೇನೆ. ಒಗ್ಗರಣೆ ಡಬ್ಬಿಯವರ ಅನುಭವ ಕೇಳಿದ ಕೂಡಲೇ ಮಾಲೀಕರು ಹೊಸ ಹಿತ್ತಾಳೆ ಫಿಲ್ಟರ್‌ನ ಫೋಟೊವನ್ನು ಅಂಗಡಿಯ ಗುಂಪಿಗೆ ಕಳಿಸುವುದನ್ನು ನಿಲ್ಲಿಸಿದರು, ಇದಂತೂ ಈ ಚರ್ಚೆಯಿಂದ ಕೈಗೆ ಸಿಕ್ಕ ಲಾಭ. ಇನ್ನೊಂದು ಸಂದೇಹ ಉಳಿದಿದೆ. ಆ ಫಿಲ್ಟರ್‌ಗೆ ಕಾಫಿ ಗಿಡದ ಬೊಡ್ಡೆಯಿಂದ ಕಡೆದ ಹಿಡಿ ಇದೆ, ಮರದ ಗಂಟುಗಳಿಂದಾಗಿ ಒಂದು ಹಿಡಿಯಂತೆ ಇನ್ನೊಂದು ಇರುವುದಿಲ್ಲ. ಮುಚ್ಚಳದ ಮೇಲೆ ಕಾರ್ಖಾನೆಯ ಹೆಸರಿನ ಅಚ್ಚೂ ಇದೆ. ಇವನ್ನು ಚಿತ್ರದಲ್ಲಿ ಹೇಗೆ ತೋರಿಸಬೇಕು?

ಉತ್ತರ: ಮಲ್ನಾಡ್ ಮೆಕ್ಯಾನಿಕಲ್, ಬೆಂಗಳೂರು

ಹಿಡಿಯ ಹೊರ ಆಕಾರ ಎಲ್ಲ ಫಿಲ್ಟರ್‌ಗಳಲ್ಲೂ ಒಂದೇ ಆಗಿದ್ದರೆ ಅದನ್ನಷ್ಟೇ ಬರೆಯಿರಿ, ಮರದ ಗಂಟು ಮತ್ತು ಎಳೆಗಳನ್ನು ಬಿಡಿ. ಪ್ರತಿ ಹಿಡಿಯ ಆಕಾರವೂ ಬೇರೆಯಾಗಿದ್ದರೆ ಮತ್ತೆ ಮತ್ತೆ ತಯಾರಿಸಬಹುದಾದ ಒಂದು ವಿನ್ಯಾಸ ಅದರಲ್ಲಿ ಇಲ್ಲವೆಂದೇ ಅರ್ಥ. ಆಗ ಹೊಸತನದ ಹೇಳಿಕೆಯಲ್ಲಿ ಡಬ್ಬಿಗಳ ಆಕಾರವನ್ನು ಮುಂದೆ ಮಾಡಿ. ಮುಚ್ಚಳದ ಮೇಲಿನ ಹೆಸರನ್ನು ಎಲ್ಲ ನೋಟಗಳಿಂದಲೂ ತೆಗೆದುಬಿಡುವುದು ಲೇಸು. ಹೇಗೂ ಉಳಿಸಬೇಕೆಂದಿದ್ದರೆ, ಅಕ್ಷರ ಮತ್ತು ಟ್ರೇಡ್ ಮಾರ್ಕಿನ ಮೇಲೆ ಈ ನೋಂದಣಿಯಿಂದ ಯಾವ ಹಕ್ಕನ್ನೂ ಕೇಳುವುದಿಲ್ಲವೆಂಬ ಸಾಲನ್ನು ಪ್ರತಿ ಹಾಳೆಯಲ್ಲೂ ಬರೆದು, ಅದರ ಕೆಳಗೆ ಮಾಲೀಕರ ಸಹಿ ಮತ್ತು ದಿನಾಂಕ ಹಾಕಿಸಿ.